ಎಲ್ಬ ದಡದಲ್ಲಿ ಒಂದು ಸಹಿಗಾಗಿ

ನಾಗಪುರ

ಜರ್ಮನಿಯಲ್ಲಿ ನಾನು ಇದ್ದದ್ದು ಒಂಬತ್ತು ದಿನ. ಕೋಟೆ ನೋಡಲಿಲ್ಲ, ಒಂದು ಮ್ಯೂಸಿಯಂ ಮೆಟ್ಟಿಲೂ ಹತ್ತಲಿಲ್ಲ. ನನಗೆ ಒಬ್ಬ ಪ್ರೊಫೆಸರರ ಸಹಿ ಬೇಕಿತ್ತು. ಒಂಬತ್ತೂ ದಿನ ಅದರ ಬೆನ್ನು ಹತ್ತಿದ್ದೆ. ಅರಮನೆ, ತೋಟಗಳ ವರ್ಣನೆ ಬೇಕಾದವರು ನನ್ನನ್ನು ಮನ್ನಿಸಬೇಕು.

ನನ್ನ ಕೆಲಸ ನದಿಯ ತಳದ ಮಣ್ಣಿನದು. ನಾಗಪುರದಿಂದ ಕಾಮಠಿ ದಾಟಿ ಮುಂದೆ ಹೋದರೆ ಕನ್ಹಾನ್ ನದಿ ಸಿಗುತ್ತದೆ. ಕಲ್ಲಿದ್ದಲು ಸುಟ್ಟ ಬೂದಿ ಗಾಳಿಯಲ್ಲಿ, ಮಳೆನೀರಿನಲ್ಲಿ ಬಂದು ಅದರ ತಳ ಸೇರುತ್ತದೆ. ತಳಕ್ಕೆ ಉದ್ದನೆಯ ಕೊಳವೆ ಇಳಿಸಿ, ಪದರ ಕೆಡದಂತೆ ಮಣ್ಣನ್ನು ಮೇಲೆತ್ತಿ, ಯಾವ ಕಾಲದ ಬೂದಿ ಎಷ್ಟು ಆಳದಲ್ಲಿ ಕೂತಿದೆ ಎಂದು ಓದುವುದು ನನ್ನ ಪಿಎಚ್‌ಡಿಯ ವಿಷಯವಾಗಿತ್ತು. ಪಿಎಚ್‌ಡಿ ಮುಗಿಯಿತು, ಮಗಳು ಮುಕ್ತಾ ಹುಟ್ಟಿದಳು, ಒಂದು ಕಾಲೇಜಿನಲ್ಲಿ ವರ್ಷವರ್ಷಕ್ಕೂ ಹೊಸದಾಗಿ ನೇಮಕವಾಗುವ ಅತಿಥಿ ಉಪನ್ಯಾಸಕಿಯಾದೆ. ಆಮೇಲಿನ ಸಂಶೋಧನೆಗೆ, ಅಂದರೆ ಪೋಸ್ಟ್‌ಡಾಕ್ ಎನ್ನುವುದಕ್ಕೆ, ಹೊರದೇಶಗಳಿಗೆ ಅರ್ಜಿ ಹಾಕುತ್ತಲೇ ಇದ್ದೆ.

ಇಲ್ಲ ಎನ್ನುವ ಮೇಲ್‌ಗಳಲ್ಲಿ ಇರುವಷ್ಟು ಸೌಜನ್ಯ ಬೇರೆಲ್ಲೂ ಇರಲಿಕ್ಕಿಲ್ಲ. 'ಈ ಸಲ ಅರ್ಜಿಗಳ ಗುಣಮಟ್ಟ ಅಸಾಧಾರಣವಾಗಿತ್ತು' ಎಂದು ಬರೆಯುತ್ತಾರೆ. ಯಾರ ಅರ್ಜಿಯದು ಎಂದು ಮಾತ್ರ ಹೇಳುವುದಿಲ್ಲ. ಮೂರು ವರ್ಷ ಇಂಥವನ್ನು ಓದಿದೆ. ಕಡೆಗೆ ಉಳಿದದ್ದು ಜರ್ಮನಿಯ ಒಂದೇ ಒಂದು ಫೆಲೋಶಿಪ್. ಡಾಕ್ಟರೇಟ್ ಆಗಿ ಇಂತಿಷ್ಟೇ ವರ್ಷದೊಳಗೆ ಅರ್ಜಿ ಹಾಕಬೇಕೆಂಬುದು ಅದರ ನಿಯಮ, ನನಗೆ ಅದು ಕೊನೆಯ ವರ್ಷ. ಅರ್ಜಿಯ ಜೊತೆಗೆ, 'ಇವರನ್ನು ನಮ್ಮ ಸಂಸ್ಥೆಯಲ್ಲಿ ಇಟ್ಟುಕೊಂಡು ಕೆಲಸ ಮಾಡಿಸುತ್ತೇನೆ' ಎಂದು ಅಲ್ಲಿನ ಒಬ್ಬ ವಿಜ್ಞಾನಿ ಸಹಿ ಮಾಡಿದ ಪತ್ರವೂ ಇರಬೇಕು.

ಎಲ್ಬ ನದಿಯ ದಡದ ಒಂದು ಸಣ್ಣ ಊರಿನ ಪ್ರೊಫೆಸರ್ ಬ್ರಾಂಟ್ ಎಂಬವರಿಗೆ ಬರೆದೆ. ಒಂದೇ ಸಾಲಿನ ಉತ್ತರ ಬಂತು: 'ಈ ಕಡೆ ಬಂದರೆ ಭೇಟಿಯಾಗಿ, ನೋಡೋಣ.' ಅದೇ ಹೊತ್ತಿಗೆ ಲೈಪ್ಸಿಗ್‌ನ ಒಂದು ವಿಚಾರ ಸಂಕಿರಣದವರು ನನ್ನ ಸಂಶೋಧನೆಯನ್ನು ಪೋಸ್ಟರಾಗಿ ತೂಗುಹಾಕಲು ಒಪ್ಪಿಕೊಂಡು, ಹೋಗಿ ಬರುವ ಖರ್ಚು ತಾವೇ ನೋಡಿಕೊಳ್ಳುವುದಾಗಿ ಬರೆದರು. ಆ ಒಂದು ಸಾಲಿನ ಮೇಲೆ ಭರವಸೆ ಇಟ್ಟು ಅಷ್ಟು ದೂರ ಹೋಗುವುದೇ ಎಂದು ಗಂಡನನ್ನು ಕೇಳಿದೆ. ಪ್ರಕಾಶ್ ಹುಬ್ಬಳ್ಳಿಯವರು, ನಾಗಪುರದ ವಿಮಾನ ನಿಲ್ದಾಣದ ಪಕ್ಕದ ಮಿಹಾನ್‌ನಲ್ಲಿ ವಿಮಾನಗಳ ದುರಸ್ತಿ ಕೆಲಸ.

"ಹೋಗಿ ಬಾ. ಮೇಲ್‌ನ್ಯಾಗ 'ನೋಡೋಣ' ಅಂದಾವ್ಗ ಮುಖಾ ನೋಡಿ 'ಇಲ್ಲ' ಅನ್ನೂದು ಅಷ್ಟ ಸಲೀಸ ಅಲ್ಲ" ಎಂದರು.

ಫ್ರಾಂಕ್‌ಫರ್ಟ್

ಹೊರದೇಶದ ಮಣ್ಣನ್ನು ಹಾಗೇ ಒಯ್ಯಲು ಬಿಡುವುದಿಲ್ಲ. ಅದಕ್ಕೇ ಬೂದಿಯ ಕಣಗಳನ್ನು ಗಾಜಿನ ಪಟ್ಟಿಗಳ ಮೇಲೆ ಅಂಟಿನಲ್ಲಿ ಗಟ್ಟಿ ಮಾಡಿ, ಒಂದು ಮರದ ಪೆಟ್ಟಿಗೆಯಲ್ಲಿ ಜೋಡಿಸಿಕೊಂಡು ಹೋಗಿದ್ದೆ. ವಿಮಾನ ನಿಲ್ದಾಣದಲ್ಲಿ ಎತ್ತರದ ಅಧಿಕಾರಿಯೊಬ್ಬ ಪೆಟ್ಟಿಗೆ ತೆರೆಸಿದ.

"ಇದೇನು?"

"ಬೂದಿ."

ಅವನ ಮುಖ ಬದಲಾಯಿತು. ದನಿ ಇಳಿಸಿ, "ಬಹಳ ಹತ್ತಿರವೇ?" ಎಂದ.

ಸಂಶೋಧನೆಯ ವಿಷಯದ ಬಗ್ಗೆ ಕೇಳುತ್ತಿದ್ದಾನೆ ಎಂದುಕೊಂಡೆ. "ಹೌದು, ಬಹಳ ಹತ್ತಿರ. ಆರು ವರ್ಷ ಇದರ ಜೊತೆಗೇ ಕಳೆದೆ" ಎಂದೆ.

"ನಿಮ್ಮ ದುಃಖ ನನಗೆ ಅರ್ಥವಾಗುತ್ತದೆ" ಎನ್ನುತ್ತ ಆತ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಮುಚ್ಚಿದಾಗ ನನಗೆ ಹೊಳೆಯಿತು. ಗಾಬರಿಯಿಂದ, "ಅಯ್ಯೋ, ಮನುಷ್ಯರದಲ್ಲ, ಕಲ್ಲಿದ್ದಲಿನದು!" ಎಂದೆ. ಪಕ್ಕದ ಮೇಜಿನ ಮಹಿಳಾ ಅಧಿಕಾರಿ ಮುಖ ತಿರುಗಿಸಿ ನಕ್ಕಳು. ಆತ ನಗಲಿಲ್ಲ. ಪೆಟ್ಟಿಗೆಯನ್ನು ಮತ್ತೆ ತೆರೆದು, ಒಂದೊಂದು ಪಟ್ಟಿಯನ್ನೂ ಬೆಳಕಿಗೆ ಹಿಡಿದು, ನನ್ನ ಕಾಗದಗಳನ್ನೆಲ್ಲ ಓದಿ ಅರ್ಧ ತಾಸಿನ ಮೇಲೆ ಬಿಟ್ಟ. ಸತ್ತವರಿಗೆ ಸಿಕ್ಕ ಮರ್ಯಾದೆ ಕಲ್ಲಿದ್ದಲಿಗೆ ಸಿಗಲಿಲ್ಲ.

ಲೈಪ್ಸಿಗ್

ಸಂಕಿರಣದಲ್ಲಿ ಕೊರಳಿಗೆ ಹಾಕಿಕೊಳ್ಳಲು ಕೊಟ್ಟ ಚೀಟಿಯಲ್ಲಿ 'ಡಾ. ಬಸವರಾಜ' ಎಂದಿತ್ತು. ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು ಸವಿತಾ ಮುಂದೆ, ಅಪ್ಪನ ಹೆಸರು ಕೊನೆಗೆ. ಇಲ್ಲಿಯವರಿಗೆ ಕೊನೆಯದೇ ಮನೆತನದ ಹೆಸರು. ಅಪ್ಪ ಗದಗಿನಿಂದ ಬಂದು ನಾಗಪುರದಲ್ಲಿ ಸೇನೆಗೆ ಮದ್ದುಗುಂಡು ಮಾಡುವ ಆರ್ಡ್‌ನನ್ಸ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಮೂರು ದಿನ ಅಲ್ಲಿನ ದೊಡ್ಡ ದೊಡ್ಡ ವಿದ್ವಾಂಸರು ಅವರನ್ನು ಡಾಕ್ಟರ್ ಎಂದು ಕರೆದರು. ತಿದ್ದಲು ನನಗೆ ಮನಸ್ಸಾಗಲಿಲ್ಲ. ಫೋನಿನಲ್ಲಿ ಹೇಳಿದಾಗ ಅಪ್ಪ, "ಹಂಗಾರ ಸುಮ್ನ ಇರ್ಲಿ ಬಿಡು, ಚಲೋ ಆತು" ಎಂದರು.

ನನ್ನ ಪೋಸ್ಟರನ್ನು ನಾಗಪುರದ ಸೀತಾಬರ್ಡಿಯಲ್ಲಿ ಚುನಾವಣೆ ಬ್ಯಾನರ್ ಮಾಡುವವರೇ ಬಟ್ಟೆಯ ಮೇಲೆ ಅಚ್ಚು ಹಾಕಿಕೊಟ್ಟಿದ್ದರು. ಸೀರೆಯ ಮಡಿಕೆಯಲ್ಲಿ ಇಟ್ಟು ತಂದಿದ್ದೆ. ಅದಕ್ಕೆ ಸಿಕ್ಕ ಜಾಗ ಕಾಫಿ ಮೇಜಿನ ಪಕ್ಕ. ಬಂದವರೆಲ್ಲ ಕಾಫಿಗೆ ಬಂದವರು. ಕಪ್ಪು ತುಂಬುವವರೆಗೆ ನನ್ನ ನದಿಯನ್ನು ನೋಡುತ್ತಿದ್ದರು, ತುಂಬಿದ ಮೇಲೆ ತಲೆಯಾಡಿಸಿ ಹೋಗುತ್ತಿದ್ದರು.

ಎದುರಿನ ಪೋಸ್ಟರಿನವಳು ಇರಾನಿನ ಲೈಲಾ. ಅವಳೂ ನನ್ನ ಹಾಗೆ ಜಾಗ ಹುಡುಕುತ್ತ ಬಂದವಳು, ನಾಲ್ಕನೇ ವರ್ಷ. ಸಂಜೆ ಹೊರಗಿನ ಮೆಟ್ಟಿಲ ಮೇಲೆ ಕೂತು ಒಬ್ಬರ ಅರ್ಜಿಯನ್ನು ಒಬ್ಬರು ಓದಿದೆವು. ನನ್ನದನ್ನು ಓದಿ ಮುಗಿಸಿ ಅವಳು, "ತುಂಬಾ ಚೆನ್ನಾಗಿದೆ. ಇದನ್ನು ಓದಿದರೆ ನಿನ್ನ ಕೆಲಸದಲ್ಲಿ ಎಲ್ಲೂ ಏನೂ ತಪ್ಪೇ ಆಗಿಲ್ಲ" ಎಂದಳು.

ಅವಳು ಹೊಗಳಿದಳೆಂದೇ ಆಗ ತಿಳಿದೆ.

ಅರ್ಧ ರೈಲು

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಪ್ರೊಫೆಸರ್ ಬ್ರಾಂಟ್ ಸಮಯ ಕೊಟ್ಟಿದ್ದರು. ಎರಡು ತಾಸು ಮೊದಲೇ ರೈಲು ಹತ್ತಿದೆ. ಡಬ್ಬಿಯಲ್ಲಿ ಸದ್ದೇ ಇಲ್ಲ. ಎದುರು ಸೀಟಿನ ಹೆಂಗಸಿನ ಕಾಲ ಬಳಿ ಒಂದು ದೊಡ್ಡ ನಾಯಿ ಮಲಗಿತ್ತು. ಟಿಕೆಟ್ ತಪಾಸಣೆಯವರು ಬಂದಾಗ ಆಕೆ ಎರಡು ಟಿಕೆಟ್ ತೋರಿಸಿದರು, ಒಂದು ನಾಯಿಯದು. ನಮ್ಮ ಕಡೆಯ ಪ್ಯಾಸೆಂಜರ್ ಗಾಡಿಯಲ್ಲಿ ಮನುಷ್ಯರದನ್ನೇ ಕೇಳುವುದು ಅಪರೂಪ.

ನಡುವೆ ಒಂದು ಸ್ಟೇಷನ್ನಿನಲ್ಲಿ ರೈಲು ತುಸು ಹೆಚ್ಚು ಹೊತ್ತು ನಿಂತಿತು. ಜರ್ಮನಿನಲ್ಲಿ ಏನೋ ಕೂಗಿ ಹೇಳಿದರು. ಮತ್ತೆ ಹೊರಟಿತು. ಅರ್ಧ ತಾಸಾದರೂ ನದಿ ಕಾಣಿಸಲಿಲ್ಲ. ಎದುರಿನ ಹೆಂಗಸಿಗೆ ಟಿಕೆಟ್ ತೋರಿಸಿ ಕೇಳಿದೆ.

"ನಿಮ್ಮ ಊರಿಗೆ ಮುಂದಿನ ಅರ್ಧ ಹೋಯಿತು. ನೀವು ಹಿಂದಿನ ಅರ್ಧದಲ್ಲಿ ಇದ್ದೀರಿ" ಎಂದರು ಆಕೆ.

ಅಲ್ಲಿ ಒಂದೇ ರೈಲು ದಾರಿಯಲ್ಲಿ ಎರಡಾಗಿ ಬೇರೆ ಬೇರೆ ಊರಿಗೆ ಹೋಗುತ್ತದಂತೆ. ಬ್ರಾಂಟ್ ಅವರ ಆಫೀಸಿಗೆ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ನಾಗಪುರದ ಗಾಡಿಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಡಬ್ಬಿಯಲ್ಲಿದ್ದವರೆಲ್ಲ ಸೇರಿ, ನಾಲ್ಕು ಜನ ನಾಲ್ಕು ದಾರಿ ಹೇಳಿ, ಒಬ್ಬರು ತಮ್ಮ ಭಾವಮೈದುನನಿಗೆ ಫೋನು ಹಚ್ಚಿ, ಇನ್ನೊಬ್ಬರು ಚಿವಡಾ ಕೊಟ್ಟು ಸಮಾಧಾನ ಮಾಡುತ್ತಿದ್ದರು. ಈ ಹೆಂಗಸು ಅಯ್ಯೋ ಎನ್ನಲಿಲ್ಲ. ಚೀಲದಿಂದ ಒಂದು ಕಾಗದ ತೆಗೆದು ಮುಂದಿನ ಸ್ಟೇಷನ್, ಬಸ್ಸಿನ ನಂಬರು, ಎಲ್ಲಿ ಇಳಿಯಬೇಕು, ಮತ್ತೆ ಯಾವ ಬಸ್ಸು, ಎಷ್ಟು ಗಂಟೆಗೆ ಎಂದು ದುಂಡನೆಯ ಅಕ್ಷರದಲ್ಲಿ ಬರೆದು ಕೊಟ್ಟರು. ನಾಯಿಯೊಡನೆ ಇಳಿದು, ಬಸ್ಸು ನಿಲ್ಲುವ ಜಾಗವನ್ನು ಬೆರಳಿನಿಂದ ತೋರಿಸಿ, ಹಿಂದಿರುಗಿ ನೋಡದೆ ಹೋದರು. ಕಾಗದದಲ್ಲಿ ಬರೆದ ಒಂದು ಅಂಕೆಯೂ ತಪ್ಪಾಗಲಿಲ್ಲ.

ನದಿಯ ದಡ

ಸಂಸ್ಥೆ ಮುಟ್ಟಿದಾಗ ಒಂದೂವರೆ. ಪ್ರೊಫೆಸರ್ ಹನ್ನೆರಡರವರೆಗೆ ಕಾದು ನದಿಗೆ ಹೋದರು ಎಂದು ಅವರ ಕಾರ್ಯದರ್ಶಿ ಹೇಳಿದರು. ನಾಳೆ ಹತ್ತಕ್ಕೆ ಊರು ಬಿಡುತ್ತಾರೆ, ಎರಡು ವಾರ ರಜೆ.

"ನದಿಯಲ್ಲಿ ಎಲ್ಲಿ?" ಎಂದು ಕೇಳಿದೆ.

ಆಕೆ ನನ್ನ ಸಲ್ವಾರ್ ಕಮೀಜನ್ನೂ ಚಪ್ಪಲಿಯನ್ನೂ ನೋಡಿ, "ಸೈಕಲ್ ಬರುತ್ತದೆಯೇ?" ಎಂದರು.

ಸೈಕಲ್ ಬಿಟ್ಟು ಹದಿನೈದು ವರ್ಷವಾಗಿತ್ತು. ಬರುತ್ತದೆ ಎಂದೆ. ಆಕೆ ಸಂಸ್ಥೆಯ ಸೈಕಲೊಂದನ್ನು ಕೊಟ್ಟು ದಾರಿ ಹೇಳಿದರು. ಓಢಣಿಯನ್ನು ಸೊಂಟಕ್ಕೆ ಬಿಗಿದು ಹೊರಟೆ. ಮೊದಲ ತಿರುವಿನಲ್ಲೇ ಒಂದು ಬೇಲಿಗೆ ಗುದ್ದಿ ಮೊಣಕೈ ತರಚಿತು. ಎದ್ದು ಮತ್ತೆ ಹತ್ತಿದೆ.

ಎಲ್ಬ ನಾನು ಅಂದುಕೊಂಡಷ್ಟು ಅಗಲವಿರಲಿಲ್ಲ. ದಡದುದ್ದಕ್ಕೂ ಹುಲ್ಲು, ಹುಲ್ಲಿನ ಮೇಲೆ ಪುಸ್ತಕ ಓದುತ್ತ ಮಲಗಿದ ಜನ. ಕನ್ಹಾನ್ ದಡದಲ್ಲಿ ಹೀಗೆ ಮಲಗಿದರೆ ಮರಳು ತುಂಬಿದ ಟ್ರಕ್ಕುಗಳ ಧೂಳಿನಲ್ಲಿ ಐದು ನಿಮಿಷಕ್ಕೆ ಮುಖ ಕಾಣದಾದೀತು. ಮುಂದೆ ಒಂದು ಕಡೆ ನಾಲ್ಕೈದು ಜನ ತೊಡೆವರೆಗಿನ ರಬ್ಬರ್ ಬೂಟು ಹಾಕಿಕೊಂಡು ನೀರಿನಲ್ಲಿ ನಿಂತಿದ್ದರು. ಅವರ ಕೈಯಲ್ಲಿದ್ದ ಉದ್ದ ಕೊಳವೆ ನೋಡಿದ್ದೇ ನನಗೆ ದಾರಿಯಲ್ಲಿ ತವರಿನವರು ಸಿಕ್ಕಷ್ಟು ಸಂತೋಷವಾಯಿತು.

ಬಿಳಿಗಡ್ಡದ ಬ್ರಾಂಟ್ ದಡಕ್ಕೆ ಬಂದು ಕೈ ಕುಲುಕಿದರು. "ಹನ್ನೊಂದಕ್ಕೆ ಎಂದಿದ್ದೆ."

"ರೈಲು ಎರಡಾಯಿತು. ನಾನು ಒಂದರಲ್ಲಿದ್ದೆ."

ಅವರು ನಕ್ಕರು. ಒಂದು ಕಲ್ಲಿನ ಮೇಲೆ ಕೂತು ನನ್ನ ಯೋಜನೆಯ ಕಾಗದಗಳನ್ನು ಮೊದಲಿಂದ ಕೊನೆಯವರೆಗೆ ಓದಿದರು. ಆಮೇಲೆ ಕಾಗದಗಳನ್ನು ಸರಿಯಾಗಿ ಜೋಡಿಸಿ ನನ್ನ ಕೈಗಿತ್ತು, "ನಾನು ಸಹಿ ಮಾಡಲಾರೆ. ಮುಂದಿನ ವರ್ಷ ನಿವೃತ್ತನಾಗುತ್ತೇನೆ. ಫೆಲೋಶಿಪ್ ಎರಡು ವರ್ಷದ್ದು. ನಿಯಮ ಒಪ್ಪುವುದಿಲ್ಲ. ಇದನ್ನು ಮೇಲ್‌ನಲ್ಲೇ ಹೇಳಬೇಕಿತ್ತು, ಯೋಚಿಸಲಿಲ್ಲ. ನನ್ನ ತಪ್ಪು" ಎಂದರು.

ತರಚಿದ ಮೊಣಕೈ ಆಗ ಉರಿಯತೊಡಗಿತು. ಆದರೆ ಇಷ್ಟು ದೂರ ಬಂದು ಬರಿಗೈಯಲ್ಲಿ ಸೈಕಲ್ ತಿರುಗಿಸುವುದು ನನ್ನಿಂದ ಆಗಲಿಲ್ಲ.

"ಹಾಗಾದರೆ ನಾಳೆ ನಿಮ್ಮ ಗುಂಪಿನ ಮುಂದೆ ಇಪ್ಪತ್ತು ನಿಮಿಷ ಮಾತಾಡಲು ಬಿಡಿ" ಎಂದೆ.

"ನಾಳೆ ಹತ್ತಕ್ಕೆ ನಾನು ಹೊರಡುತ್ತೇನೆ."

"ಎಂಟಕ್ಕೆ ಇಟ್ಟುಕೊಳ್ಳೋಣ."

ಅವರು ನೀರಿನಲ್ಲಿದ್ದವರ ಕಡೆ ತಿರುಗಿ ಜರ್ಮನಿನಲ್ಲಿ ಏನೋ ಕೂಗಿದರು. ಕೆಲವರು ಗೊಣಗಿದರು. ಕೊಳವೆ ಹಿಡಿದಿದ್ದ ಹೆಂಗಸೊಬ್ಬಳು ಭುಜ ಹಾರಿಸಿದಳು. "ಎಂಟಕ್ಕೆ" ಎಂದರು ಬ್ರಾಂಟ್.

ಅತಿಥಿಗೃಹ

ಐದು ಗಂಟೆಗೆ ಮನೆಗೆ ಫೋನು ಮಾಡಿದೆ. ಅಲ್ಲಿ ಆಗ ಊಟದ ಹೊತ್ತು.

"ಅಂವ ಆಗೂದಿಲ್ಲ ಅಂದನ್ರಿ" ಎಂದೆ. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು.

ಪ್ರಕಾಶ್ ಅಳು ನಿಲ್ಲುವವರೆಗೆ ಕಾದರು. "ಮತ್ತ ಯಾರ್ ಅದಾರ ಅಲ್ಲಿ?"

"ನನಗೇನ್ ಗೊತ್ರಿ? ನಾಕೈದು ಮಂದಿ ನೀರಾಗ ನಿಂತಿದ್ರು."

"ಗೊತ್ತ ಮಾಡ್ಕೊ. ಇಂಜಿನ್ ಬಂದ್ ಬಿತ್ತಂತ ನಾವೇನ್ ವಿಮಾನ ಮೂಲ್ಯಾಗ ನಿಲ್ಲಿಸಿ ಅಳಕೋತ ಕುಂದರ್ತೇವೇನು? ಒಂದೊಂದ ಪುರ್ಜಾ ಬಿಚ್ಚಿ ತಪಾಸ್ ಮಾಡ್ತೇವಿ. ಮೊದಲ ಊಟಾ ಮಾಡು. ಆಮ್ಯಾಲ ಜಲ್ದಿ ಕೆಲಸಕ್ಕ ಹತ್ತು."

ಚಪಾತಿ ಚಟ್ನಿಪುಡಿ ತಿಂದು ಕೆಲಸಕ್ಕೆ ಹತ್ತಿದೆ. ಸಂಸ್ಥೆಯ ವೆಬ್‌ಸೈಟಿನಲ್ಲಿ ಆ ಗುಂಪಿನವರ ಹೆಸರು ಹುಡುಕಿ, ಅವರು ಬರೆದ ಲೇಖನಗಳನ್ನು ಓದತೊಡಗಿದೆ. ಕೊಳವೆ ಹಿಡಿದು ಭುಜ ಹಾರಿಸಿದ್ದವಳು ಡಾ. ಮಾರ್ಟಾ, ಪೋಲೆಂಡಿನವಳು, ಈಗಷ್ಟೇ ಸ್ವಂತ ಗುಂಪು ಕಟ್ಟುತ್ತಿರುವವಳು. ಅವಳ ಲೇಖನವೊಂದು ಮರಳು ತೆಗೆದ ನದಿಗಳ ಬಗ್ಗೆ ಇತ್ತು. ತಳ ಬಗೆದಾಗ ಪದರಗಳು ಮಗುಚಿ, ಹಳೆಯದು ಮೇಲೆ ಹೊಸದು ಕೆಳಗೆ ಆಗುತ್ತದೆ, ಅಂಥ ಮಣ್ಣನ್ನು ಓದಿದರೆ ಸುಳ್ಳು ಇತಿಹಾಸ ಸಿಗುತ್ತದೆ ಎಂದು ಬರೆದಿದ್ದಳು.

ಓದುತ್ತಲೇ ನನ್ನ ಪ್ರಬಂಧದ ಫೈಲು ತೆರೆದೆ. ಕನ್ಹಾನ್‌ನಿಂದ ನಾನು ಎತ್ತಿದ್ದ ಏಳು ಕೊಳವೆಗಳಲ್ಲಿ ಎರಡರ ಪದರಗಳು ಹೀಗೇ ಹಿಂದುಮುಂದಾಗಿದ್ದವು. ಪ್ರಬಂಧದ ಕೊನೆಯ ಅನುಬಂಧದಲ್ಲಿ 'ಇವೆರಡನ್ನು ಪರಿಗಣಿಸಿಲ್ಲ' ಎಂದು ಒಂದು ಸಾಲು ಬರೆದು ಕೈತೊಳೆದುಕೊಂಡಿದ್ದೆ. ಫೆಲೋಶಿಪ್ ಅರ್ಜಿಯಲ್ಲಿ ಆ ಸಾಲೂ ಇರಲಿಲ್ಲ. ಮೂರು ವರ್ಷ ಅರ್ಜಿ ಬರೆದು ಬರೆದು ನಾನು ಕಲಿತದ್ದು ಇದನ್ನೇ: ಹುಳುಕನ್ನು ತೋರಿಸಬಾರದು. ಲೈಲಾ ಹೇಳಿದ ಮಾತು ಹೊಗಳಿಕೆಯಾಗಿರಲಿಲ್ಲವೆಂದು ಆಗ ಅರ್ಥವಾಯಿತು.

ಬೆಳಗಿನ ಭಾಷಣದಿಂದ ನಾಲ್ಕು ಚಿತ್ರಗಳನ್ನು ತೆಗೆದು, ಆ ಎರಡು ಕೊಳವೆಗಳ ಚಿತ್ರ ಹಾಕಿದೆ.

ಎಂಟು ಗಂಟೆ

ಎಂಟಕ್ಕೆ ಎಂದರೆ ಎಂಟಕ್ಕೆ ಏಳು ಜನ ಕೂತಿದ್ದರು. ಐದು ಕೊಳವೆಗಳ ಕಥೆ ಹೇಳಿದೆ. ಆಮೇಲೆ ಉಳಿದ ಎರಡನ್ನು ತೋರಿಸಿ, "ಇವು ಕೆಟ್ಟಿವೆ. ನದಿಯ ಈ ಭಾಗದಲ್ಲಿ ಮರಳು ತೆಗೆದಿದ್ದಾರೆ. ಉಳಿದ ಐದೂ ಪೂರ್ತಿ ಸರಿ ಇವೆ ಎಂದು ನಾನು ಆಣೆ ಮಾಡಿ ಹೇಳಲಾರೆ. ಪತ್ತೆ ಹಚ್ಚುವ ವಿಧಾನ ನನಗೆ ಗೊತ್ತಿಲ್ಲ" ಎಂದೆ.

ಮುಗಿಸಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಮುಷ್ಟಿಯಿಂದ ಮೇಜು ಗುದ್ದತೊಡಗಿದರು. ಇಷ್ಟೊಂದು ಸಿಟ್ಟೇ ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಬ್ರಾಂಟ್ ನನ್ನ ಮುಖ ನೋಡಿ, "ಗಾಬರಿಯಾಗಬೇಡಿ, ನಮ್ಮಲ್ಲಿ ಮೆಚ್ಚುಗೆ ತೋರಿಸುವುದು ಹೀಗೇ" ಎಂದರು.

ಮಾರ್ಟಾ ಮಾತ್ರ ಮೇಜು ಕುಟ್ಟಿರಲಿಲ್ಲ. ಎಲ್ಲರೂ ಎದ್ದುಹೋದ ಮೇಲೆ ಬಂದು ಎದುರು ಕೂತಳು.

"ಆ ಎರಡು ಕೊಳವೆಗಳನ್ನು ಯಾಕೆ ತೋರಿಸಿದೆ?"

"ನಿನ್ನೆ ನಿಮ್ಮ ಲೇಖನ ಓದಿದೆ. ಬಚ್ಚಿಟ್ಟರೆ ಮೊದಲ ತಿಂಗಳಲ್ಲೇ ನೀವು ಹಿಡಿಯುತ್ತೀರಿ."

"ಮೊದಲ ವಾರ" ಎಂದಳು. ಬ್ರಾಂಟ್ ಓದಿದ್ದ ಯೋಜನೆಯನ್ನು ಕೇಳಿ ತೆಗೆದುಕೊಂಡು ಹಾಳೆ ತಿರುವಿದಳು. "ಇದಕ್ಕೆ ನಾನು ಸಹಿ ಮಾಡುವುದಿಲ್ಲ. ಇದು ಬೇಡಿಕೊಳ್ಳುವವರ ಬರಹ. 'ಅವಕಾಶ ಕೊಟ್ಟರೆ ಕೃತಜ್ಞಳು' ಎಂದು ಮೂರು ಕಡೆ ಇದೆ. ಎರಡು ಕೆಟ್ಟ ಕೊಳವೆಗಳು ಒಂದು ಕಡೆಯೂ ಇಲ್ಲ. ನನಗೆ ಬೇಕಾದದ್ದು ಅವೇ. ಮಗುಚಿದ ತಳವನ್ನು ಓದುವುದು ಹೇಗೆ ಎನ್ನುವುದೇ ಯೋಜನೆಯಾಗಲಿ. ಬರೆಯುತ್ತೀಯಾ?"

"ಯಾವಾಗ?"

"ನೀನು ಹೊರಡುವುದು ಯಾವಾಗ?"

"ಸೋಮವಾರ ಮಧ್ಯಾಹ್ನ."

"ಹಾಗಾದರೆ ಸೋಮವಾರ ಬೆಳಿಗ್ಗೆ."

ಆ ಮೂರು ದಿನ ನಾನು ಬರೆದೆ, ಅವಳು ಹೊಡೆದು ಹಾಕಿದಳು, ಮತ್ತೆ ಬರೆದೆ. ಭಾನುವಾರ ಆ ಊರಿನಲ್ಲಿ ಒಂದು ಅಂಗಡಿಯೂ ತೆರೆಯುವುದಿಲ್ಲ. ತಿಳಿಯದೆ ಏನೂ ಕೊಂಡಿಟ್ಟಿರಲಿಲ್ಲ. ಮಾರ್ಟಾ ಮನೆಯಿಂದ ಬೀಟ್‌ರೂಟ್ ಸಾರು ತಂದಳು, ನಾನು ಉಳಿದಿದ್ದ ಚಟ್ನಿಪುಡಿ ಕೊಟ್ಟೆ. ಸಾರಿಗೆ ಚಟ್ನಿಪುಡಿ ಬೆರೆಸಿ, ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ, ಅವಳು ಎರಡನೆಯ ಪುಟವನ್ನು ಪೂರ್ತಿ ಕಾಟು ಹೊಡೆದಳು. ಅವಳಿಗೂ ಹೀಗೆ ಬೇರೊಬ್ಬರನ್ನು ಆಹ್ವಾನಿಸುವುದು ಮೊದಲ ಸಲ. "ನೀನು ಸೋತರೆ ನಾನೂ ಸೋತಂತೆ, ಅದಕ್ಕೇ ಇಷ್ಟು ಕಾಟ ಕೊಡುತ್ತಿದ್ದೇನೆ" ಎಂದಳು.

ಸೋಮವಾರ ಒಂಬತ್ತಕ್ಕೆ ನೀಲಿ ಪೆನ್ನಿನಲ್ಲಿ ಸಹಿ ಬಿತ್ತು. ನಾನು ಪತ್ರವನ್ನು ತಿರುಗಿಸಿ ಮುರುಗಿಸಿ ನೋಡುವುದನ್ನು ಕಂಡ ಕಾರ್ಯದರ್ಶಿ ಏನು ಕಡಿಮೆಯಾಯಿತು ಎಂದರು. "ಮೊಹರು?" ಎಂದೆ. ನಮ್ಮಲ್ಲಿ ಮೊಹರಿಲ್ಲದ ಸಹಿಯನ್ನು ಯಾರು ನಂಬುತ್ತಾರೆ? ಆಕೆ ಡ್ರಾಯರಿನ ತಳದಿಂದ ಹಳೆಯ ಮೊಹರೊಂದನ್ನು ಹುಡುಕಿ, ಒಣಗಿದ ಶಾಯಿಗೆ ನೀರು ಚಿಮುಕಿಸಿ, ನನ್ನ ಸಮಾಧಾನಕ್ಕಾಗಿ ಒತ್ತಿಕೊಟ್ಟರು.

ಮತ್ತೆ ನಾಗಪುರ

ಗಡುವಿಗೆ ಎರಡು ದಿನ ಮೊದಲು ಅರ್ಜಿ ಹಾಕಿದೆ. ಐದು ತಿಂಗಳ ಮೇಲೆ ಫಲಿತಾಂಶ ಬಂತು: ಕಾಯ್ದಿರಿಸಿದ ಪಟ್ಟಿ. ಆಯ್ಕೆಯಾದವರಲ್ಲಿ ಯಾರಾದರೂ ಬಿಟ್ಟರೆ ನಿಮಗೆ ಎಂದು ಅದರ ಅರ್ಥ. ಮಾರ್ಟಾಗೆ ತಿಳಿಸಿದೆ. 'ಕಾಯುತ್ತ ಕೂರಬೇಡ, ಕೆಲಸ ಶುರು ಮಾಡು' ಎಂದು ಬರೆದಳು. ಮಳೆ ನಿಂತು ನೀರು ಇಳಿದ ಮೇಲೆ ಕನ್ಹಾನ್‌ಗೆ ಹೋಗಿ, ಮರಳು ತೆಗೆದ ಜಾಗದಲ್ಲೇ ಬೇಕೆಂದು ಮೂರು ಕೊಳವೆ ಇಳಿಸಿದೆ. ಮೂರರಲ್ಲೂ ಪದರಗಳು ಮಗುಚಿದ್ದವು. ಹಿಂದೆ ಇಂಥದ್ದು ಸಿಕ್ಕಾಗ ಕೊಳವೆಯನ್ನು ಬದಿಗೆ ಸರಿಸಿಬಿಟ್ಟಿದ್ದೆ. ಈ ಸಲ ದೋಣಿಯವನ ಎದುರಿಗೇ ಜೋರಾಗಿ ನಕ್ಕೆ. ಅವನು, "ಮ್ಯಾಡಮ್, ಸೋನಾ ಮಿಲಾ ಕ್ಯಾ?" ಎಂದು ಚಿನ್ನ ಹುಡುಕುವವನಂತೆ ಕೊಳವೆಯೊಳಗೆ ಇಣುಕಿದ.

ಇನ್ನೊಂದು ಮೇಲ್ ಬಂದದ್ದು ಅದಾದ ಹತ್ತನೆಯ ದಿನ, ನಾನು ಕ್ಲಾಸಿನಲ್ಲಿದ್ದಾಗ. ಒಬ್ಬರು ಬಿಟ್ಟಿದ್ದರು. ಎರಡು ವರ್ಷ, ಕುಟುಂಬವೂ ಜೊತೆಗೆ ಬರಬಹುದು. ಪ್ರಕಾಶ್ ಒಂದು ವರ್ಷದ ರಜೆಗೆ ಅರ್ಜಿ ಬರೆದರು, ಆಮೇಲಿನದು ಆಮೇಲೆ ಎಂದರು.

ಸಂಜೆ ಎಂಟು ವರ್ಷದ ಮುಕ್ತಾಳನ್ನು ಕೂರಿಸಿಕೊಂಡು ವಿಷಯ ಹೇಳಿದೆವು.

"ಅಲ್ಲಿ ಶಾಳೆದಾಗ ಮರಾಠಿ ಮಾತಾಡ್ತಾರೇನ್ ಮಮ್ಮಿ?"

"ಇಲ್ಲವ್ವ, ಜರ್ಮನ್. ನೀ ಕಲೀಬೇಕಾಗ್ತದ."

"ಮತ್ತ ಕನ್ನಡ?"

"ಅದು ಮನ್ಯಾಗಷ್ಟ. ನಾವು ಮೂರ ಮಂದಿ."

"ಹಂಗಾರ ಇಲ್ಲಿಗತೇನ ಐತಲ್ಲ" ಎಂದು ಅವಳು ಎದ್ದು ಆಡಲು ಹೋದಳು.